ಕಳೆದ ವರ್ಷದ ಸಸಿ ಎಲ್ಲಿದೆ, ಅಧ್ಯಕ್ಷರೇ?

ಜುಲೈ ತಿಂಗಳಲ್ಲಿ ನಮ್ಮ ಜಿಲ್ಲೆಯ ಪತ್ರಿಕೆಗಳ ಒಳಪುಟ ತೆಗೆದು ನೋಡಿ. ಚನ್ನಗಿರಿಯಲ್ಲಿ ಪದಗ್ರಹಣ, ಹೊನ್ನಾಳಿಯಲ್ಲಿ ಪದಗ್ರಹಣ, ನ್ಯಾಮತಿಯಲ್ಲಿ ಪದಗ್ರಹಣ, ಜಗಳೂರಿನಲ್ಲಿ ಪದಗ್ರಹಣ. ಹೊಸ ಅಧ್ಯಕ್ಷರ ಕೊರಳಿಗೆ ಪದಕದ ಪಟ್ಟಿ, ತಲೆಗೆ ಮೈಸೂರು ಪೇಟ, ಅಕ್ಕಪಕ್ಕ ಹೊಸ ಕಾರ್ಯದರ್ಶಿ, ಹೊಸ ಖಜಾಂಚಿ. ರೋಟರಿಯಾದರೂ ಅಷ್ಟೆ, ಲಯನ್ಸ್ ಆದರೂ ಅಷ್ಟೆ. ಎರಡರ ವರ್ಷವೂ ಜುಲೈ 1ಕ್ಕೆ ಹುಟ್ಟಿ ಜೂನ್ 30ಕ್ಕೆ ತೀರುತ್ತದೆ. ಮುಂದಿನ ವಾರ ಅದೇ ಅಧ್ಯಕ್ಷರು ಶಾಲೆಯ ಅಂಗಳದಲ್ಲಿ ಸಸಿ ನೆಡುತ್ತಿರುವ ಫೋಟೋ. ಅದರ ಮುಂದಿನ ವಾರ ಆಸ್ಪತ್ರೆಯಲ್ಲಿ ಹಣ್ಣು-ಬ್ರೆಡ್ ವಿತರಣೆ: ಮಂಚದ ಮೇಲೆ ಒಬ್ಬ ರೋಗಿ, ಸುತ್ತ ಹದಿನಾಲ್ಕು ಜನ ದಾನಿಗಳು, ಹದಿನಾಲ್ಕು ಕೈಯೂ ಒಂದೇ ಬ್ರೆಡ್ ಪೊಟ್ಟಣದ ಮೇಲೆ.

ಇದನ್ನು ನೋಡಿ ನಗುವವರು ಬಹಳ ಜನ. ನಾನೂ ಒಂದು ಕ್ಷಣ ನಗುತ್ತೇನೆ, ಆಮೇಲೆ ಅವರ ಪರವಾಗಿ ವಾದಕ್ಕೆ ನಿಲ್ಲುತ್ತೇನೆ. ಕಾರಣ, ನಾನು ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಸಣ್ಣ ಊರಿಗೆ ಮ್ಯಾನೇಜರ್ ಆಗಿ ಹೋದವನನ್ನು ಸೇವಾ ಕ್ಲಬ್ಬಿನವರು ಬಿಡುವುದಿಲ್ಲ. ಚಾರ್ಜ್ ತೆಗೆದುಕೊಂಡ ವಾರದಲ್ಲೇ ಮೆಡಿಕಲ್ ಶಾಪಿನವರೊಬ್ಬರು, ಗೊಬ್ಬರದ ಅಂಗಡಿಯವರೊಬ್ಬರು ಚೇಂಬರಿಗೆ ಬಂದು ಕೂರುತ್ತಾರೆ. “ಸಾರ್, ನಿಮ್ಮ ಹಿಂದಿನೋರೂ ನಮ್ಮ ಮೆಂಬರ್ರೇ ಇದ್ರು. ನೀವೂ ಬರ್ರಿ.” ಹಿಂದಿನವರು ಬಾಕಿ ಉಳಿಸಿ ಹೋದ ಚಂದಾ ಎಷ್ಟು ಎಂಬುದು ಆಮೇಲೆ ಗೊತ್ತಾಗುತ್ತದೆ. ಹಾಗೆ ಊರಿಂದೂರಿಗೆ ವರ್ಗವಾದಂತೆ ಒಂದು ಕಡೆ ರೋಟೇರಿಯನ್, ಇನ್ನೊಂದು ಕಡೆ ಲಯನ್ ಆದವನು ನಾನು. ಯಾವ ಊರಿನಲ್ಲಿ ಯಾವುದು ಎಂದು ಹೇಳುವುದಿಲ್ಲ. ಇಲ್ಲಿ ಹೇಳುವ ದೂರು ಎಲ್ಲರಿಗೂ ಸಲ್ಲುವಂಥದ್ದು, ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ.

ನನ್ನ ದೂರು ವಾರದ ಸಭೆಯ ಮೇಲಲ್ಲ. ಆ ಸಭೆಯಲ್ಲಿ ಹಳೆ ಬಾಕಿ ಓದುವುದಿಲ್ಲ ಎಂಬುದರ ಮೇಲೆ.

ವಾರದ ಸಭೆಯ ಹುಟ್ಟು ತಿಳಿದಿರಲಿ. 1905ರ ಫೆಬ್ರುವರಿ 23ರ ಸಂಜೆ ಷಿಕಾಗೋ ನಗರದ ಯೂನಿಟಿ ಬಿಲ್ಡಿಂಗಿನ 711ನೇ ನಂಬರಿನ ಕೋಣೆಯಲ್ಲಿ ನಾಲ್ವರು ಸೇರಿದರು: ವಕೀಲ ಪಾಲ್ ಹ್ಯಾರಿಸ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ಗಣಿ ಎಂಜಿನಿಯರ್ ಗುಸ್ಟಾವಸ್ ಲೋಯರ್, ಬಟ್ಟೆ ಹೊಲಿಸಿಕೊಡುವ ಹೈರಮ್ ಶೋರಿ. ಒಂದು ವಾರ ಒಬ್ಬರ ಆಫೀಸು, ಮುಂದಿನ ಸಲ ಇನ್ನೊಬ್ಬರದು ಎಂದು ಸರದಿ ಹಾಕಿಕೊಂಡರು; ರೋಟರಿ ಎಂಬ ಹೆಸರು ಬಂದದ್ದು ಆ ಸರದಿಯಿಂದ. ಸೇವೆಯ ಮಾತು ಆಗ ಇರಲಿಲ್ಲ, ಗೆಳೆತನ ಮತ್ತು ವ್ಯಾಪಾರ ಅಷ್ಟೇ. ಎರಡು ವರ್ಷ ಕಳೆದ ಮೇಲೆ ಅವರು ಕೈ ಹಾಕಿದ ಮೊದಲ ಊರ ಕೆಲಸ ಯಾವುದು ಗೊತ್ತೇ? ಸಾರ್ವಜನಿಕ ಶೌಚಾಲಯ. ನಗರಸಭೆಯ ಹತ್ತಿರ ಜನರಿಗೆ ಹೋಗಲು ಜಾಗವಿಲ್ಲ ಎಂದು ಬೇರೆ ಸಂಘಗಳನ್ನೂ ಜೊತೆಗೆ ಸೇರಿಸಿಕೊಂಡು, ಎದುರಾದವರ ಜೊತೆ ಜಗಳಾಡಿ ಕಟ್ಟಿಸಿದರು. ನಮ್ಮ ನಾಲ್ಕು ತಾಲ್ಲೂಕುಗಳ ಬಸ್ ನಿಲ್ದಾಣಗಳಲ್ಲಿ ಸಂತೆಯ ದಿನ ಹೆಣ್ಣುಮಕ್ಕಳು ಪಡುವ ಪಾಡನ್ನು ನೋಡಿದವರಿಗೆ ಈ ಸಂಗತಿ ನೂರಿಪ್ಪತ್ತು ವರ್ಷ ಹಳೆಯದು ಅನಿಸುವುದಿಲ್ಲ.

ಲಯನ್ಸ್ ಹುಟ್ಟಿದ್ದೂ ಅದೇ ಷಿಕಾಗೋದಲ್ಲಿ, 1917ರಲ್ಲಿ, ಮೆಲ್ವಿನ್ ಜೋನ್ಸ್ ಎಂಬ ವಿಮಾ ವ್ಯವಹಾರದವನ ಕೈಯಲ್ಲಿ. ರೋಟರಿ 1920ರ ಹೊತ್ತಿಗೆ ಕಲ್ಕತ್ತಾಕ್ಕೆ ಬಂತು, ಲಯನ್ಸ್ 1956ರಲ್ಲಿ ಬೊಂಬಾಯಿಗೆ. ನಮ್ಮ ಕಡೆಗೆ ಬರುವಷ್ಟರಲ್ಲಿ ಪದ್ಧತಿಗಳೆಲ್ಲ ಗಟ್ಟಿಯಾಗಿದ್ದವು: ಗಂಟೆ ಬಾರಿಸಿ ಸಭೆ ಶುರು, ಪ್ರಾರ್ಥನೆ, ಪ್ರತಿಜ್ಞೆ, ವರದಿ ವಾಚನ, ಹುಟ್ಟುಹಬ್ಬದ ಶುಭಾಶಯ, ಅತಿಥಿ ಭಾಷಣ, ವಂದನಾರ್ಪಣೆ, ಗಂಟೆ ಬಾರಿಸಿ ಮುಕ್ತಾಯ. ನಡುವೆ ಕಾಗದದ ತಟ್ಟೆಯಲ್ಲಿ ಖಾರ ಮಂಡಕ್ಕಿ, ಜೊತೆಗೊಂದು ಮಿರ್ಚಿ. ಷಿಕಾಗೋದವರಿಗೆ ಸಿಗದ ಭಾಗ್ಯವೆಂದರೆ ಇದೊಂದೇ.

ತಮಾಷೆ ಬಿಡಿ, ಆ ಸಭೆಗೊಂದು ಬೆಲೆ ಇತ್ತು, ಈಗಲೂ ಇದೆ. ಅಡಿಕೆ ಮಂಡಿಯವರು, ಸರ್ಕಾರಿ ಡಾಕ್ಟರು, ಪಂಪ್‌ಸೆಟ್ ರಿಪೇರಿಯವರು, ಕಾಲೇಜಿನ ಪ್ರಿನ್ಸಿಪಾಲರು, ವಕೀಲರು ಒಂದೇ ಸಾಲಿನಲ್ಲಿ ಕೂರುವ ಜಾಗ ತಾಲ್ಲೂಕು ಕೇಂದ್ರದಲ್ಲಿ ಬೇರೆ ಯಾವುದಿದೆ? ಮದುವೆ ಮನೆಯಲ್ಲಿ ಜಾತಿಯ ಪ್ರಕಾರ ಕೂರುತ್ತೇವೆ, ರಾಜಕೀಯ ಸಭೆಯಲ್ಲಿ ಪಕ್ಷದ ಪ್ರಕಾರ. ವಾರದ ಸಭೆಯಲ್ಲಿ ಮಾತ್ರ ಪಕ್ಕದ ಕುರ್ಚಿ ಯಾರದೋ ಹೇಳಲಾಗದು. ಯಾವ ಹಾಸ್ಟೆಲಿನಲ್ಲಿ ಹಾಸಿಗೆ ಇಲ್ಲ, ಯಾವ ಶಾಲೆಯ ಮಾಳಿಗೆ ಸೋರುತ್ತಿದೆ ಎಂಬ ಸುದ್ದಿ ತಹಶೀಲ್ದಾರರ ಕಿವಿಗೆ ಬೀಳುವ ಮೊದಲು ಅಲ್ಲಿ ಬೀಳುತ್ತಿತ್ತು. 2016ರಲ್ಲಿ ರೋಟರಿಯವರು ತಮ್ಮ ನಿಯಮ ಸಡಿಲಿಸಿ, ವಾರವಾರವೂ ಸೇರಲೇಬೇಕೆಂದಿಲ್ಲ, ತಿಂಗಳಿಗೆ ಎರಡು ಸಲ ಸೇರಿದರೂ ಸಾಕು ಅಂದರು. ದೊಡ್ಡ ಊರಿನ ಟ್ರಾಫಿಕ್ಕಿಗೆ ಅದು ಸರಿ. ಹತ್ತು ನಿಮಿಷ ನಡೆದರೆ ಈ ತುದಿಯಿಂದ ಆ ತುದಿ ಮುಟ್ಟುವ ಜಗಳೂರು, ನ್ಯಾಮತಿಗಳಿಗೆ ಆ ರಿಯಾಯಿತಿ ಬೇಕಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಇಷ್ಟು ಒಳ್ಳೆಯ ಪದ್ಧತಿ ಇಟ್ಟುಕೊಂಡೂ ಮಾಡಿದ ಕೆಲಸ ಏಕೆ ಉಳಿಯುವುದಿಲ್ಲ? ಬ್ಯಾಂಕಿನ ಅನುಭವವೊಂದನ್ನು ಹೇಳಬೇಕು. 1980ರ ದಶಕದಲ್ಲಿ ಐಆರ್‌ಡಿಪಿ ಯೋಜನೆಯಲ್ಲಿ ಬಡವರಿಗೆ ಎಮ್ಮೆ ಸಾಲ ಕೊಡುತ್ತಿದ್ದೆವು. ಸಾಲ ಮಂಜೂರು ಮಾಡುವುದು, ಎಮ್ಮೆಯ ಕಿವಿಗೆ ವಿಮೆಯ ಬಿಲ್ಲೆ ಹೊಡೆಸುವುದು, ಫೋಟೋ ತೆಗೆಸುವುದು, ಇವೆಲ್ಲ ಒಂದು ದಿನದ ಕೆಲಸ. ಆರು ತಿಂಗಳ ನಂತರ ಬ್ಯಾಗು ಹೆಗಲಿಗೆ ಹಾಕಿಕೊಂಡು ಎಮ್ಮೆ ನೋಡಲು ಹೋಗುವುದೇ ನಿಜವಾದ ಕೆಲಸ. ಹೋದರೆ ಕೊಟ್ಟಿಗೆ ಖಾಲಿ ಇರಬಹುದು, ಅಥವಾ ಬೆಳಗ್ಗೆ ಮೇಲಿನ ಕೇರಿಯಲ್ಲಿ ನೋಡಿದ ಎಮ್ಮೆಯೇ ಮಧ್ಯಾಹ್ನ ಕೆಳಗಿನ ಕೇರಿಯಲ್ಲಿ ಇನ್ನೊಬ್ಬರ ಹೆಸರಿನಲ್ಲಿ ನಿಂತಿರಬಹುದು. ಆದರೂ ಹೋಗಲೇಬೇಕಿತ್ತು, ಹೋಗಿ ಬಂದು ಪುಸ್ತಕದಲ್ಲಿ ಬರೆಯಲೇಬೇಕಿತ್ತು. ನಮ್ಮ ಸೇವಾ ಕ್ಲಬ್ಬುಗಳು ಸಾಲ ಮಂಜೂರಾತಿಯ ದಿನವನ್ನು ಬಹಳ ಚೆನ್ನಾಗಿ ನಡೆಸುತ್ತವೆ. ಎಮ್ಮೆ ನೋಡಲು ಹೋಗುವ ಬಾಬತ್ತು ಮಾತ್ರ ಅವುಗಳ ಲೆಕ್ಕದಲ್ಲೇ ಇಲ್ಲ.

ಸಸಿಯನ್ನೇ ತೆಗೆದುಕೊಳ್ಳಿ. ವನಮಹೋತ್ಸವ ಶುರುವಾದದ್ದು 1950ರಲ್ಲಿ, ಕೇಂದ್ರ ಸಚಿವರಾಗಿದ್ದ ಕೆ.ಎಂ. ಮುನ್ಷಿಯವರಿಂದ. ಜುಲೈ ಮೊದಲ ವಾರ ಎಂದು ಗೊತ್ತು ಮಾಡಿದ್ದು ಮಳೆಯ ಲೆಕ್ಕದಿಂದ. ಆದರೆ ಜಗಳೂರಿನಂಥ ಸೀಮೆಯಲ್ಲಿ ಸಸಿ ಸಾಯುವುದು ಜುಲೈನಲ್ಲಲ್ಲ, ಫೆಬ್ರುವರಿ-ಮಾರ್ಚಿನಲ್ಲಿ. ಆಗ ಅದಕ್ಕೆ ಬೇಕಾದದ್ದು ವಾರಕ್ಕೆ ಎರಡು ಕೊಡ ನೀರು ಮತ್ತು ಆಡು ಬಾಯಿ ಹಾಕದಂತೆ ಒಂದು ಮುಳ್ಳುಬೇಲಿ. ಆ ಹೊತ್ತಿಗೆ ಅಧ್ಯಕ್ಷರ ಅವಧಿ ಮುಕ್ಕಾಲು ಮುಗಿದಿರುತ್ತದೆ, ಅವರ ಗಮನವೆಲ್ಲ ಪ್ರಾಂತ್ಯ ಸಮ್ಮೇಳನದಲ್ಲಿ ಸಿಗಬಹುದಾದ ಪ್ರಶಸ್ತಿಯ ಮೇಲಿರುತ್ತದೆ. ಮುಂದಿನ ಜುಲೈನಲ್ಲಿ ಹೊಸ ಅಧ್ಯಕ್ಷರು ಅದೇ ಗುಂಡಿಯಲ್ಲಿ ಹೊಸ ಸಸಿ ನೆಡುತ್ತಾರೆ. ಗುಂಡಿ ತೋಡುವ ಖರ್ಚಾದರೂ ಉಳಿಯುತ್ತದೆ ಎಂದು ಬೇಕಿದ್ದರೆ ಸಮಾಧಾನ ಪಟ್ಟುಕೊಳ್ಳಬಹುದು.

ರಕ್ತದಾನ ಶಿಬಿರದ ಕಥೆ ಇದಕ್ಕಿಂತ ಗಂಭೀರ. ಆಗಸ್ಟ್ 15ಕ್ಕೆ ಒಂದು ಶಿಬಿರ, ಅಕ್ಟೋಬರ್ 2ಕ್ಕೆ ಒಂದು, ಜನವರಿ 26ಕ್ಕೆ ಒಂದು, ಶಾಸಕರ ಹುಟ್ಟುಹಬ್ಬಕ್ಕೆ ಇನ್ನೊಂದು. ಒಂದೇ ದಿನ ನೂರಾರು ಯೂನಿಟ್ ಬರುತ್ತದೆ. ಆದರೆ ಸಾಮಾನ್ಯ ಚೀಲದಲ್ಲಿ ತೆಗೆದ ಇಡೀ ರಕ್ತ ಬಾಳುವುದು 35 ದಿನ. ಕೆಂಪುಕಣ ಬೇರ್ಪಡಿಸಿ ಪೋಷಕ ದ್ರಾವಣದಲ್ಲಿಟ್ಟರೆ 42 ದಿನ. ಡೆಂಗಿ ಕಾಲದಲ್ಲಿ ಎಲ್ಲರೂ ಹುಡುಕಿಕೊಂಡು ಓಡುವ ಪ್ಲೇಟ್‌ಲೆಟ್ಟಿಗೆ ಐದೇ ದಿನ ಆಯುಸ್ಸು. ಸ್ವಾತಂತ್ರ್ಯ ದಿನದಂದು ಕೊಟ್ಟ ರಕ್ತ ದಸರೆಗೆ ಉಳಿಯುವುದಿಲ್ಲ. ಕಾಲೇಜುಗಳಿಗೆ ರಜೆ ಬಿದ್ದ ಏಪ್ರಿಲ್-ಮೇ ತಿಂಗಳಲ್ಲಿ ರಕ್ತನಿಧಿಯ ಫ್ರಿಜ್ ಖಾಲಿ ಹೊಡೆಯುತ್ತದೆ. ಹೆರಿಗೆಯಲ್ಲಿ ರಕ್ತ ಹೋದ ಹೆಣ್ಣುಮಗಳನ್ನು ಜಗಳೂರಿನಿಂದ ದಾವಣಗೆರೆಗೋ, ನ್ಯಾಮತಿಯಿಂದ ಶಿವಮೊಗ್ಗಕ್ಕೋ ಕರೆದೊಯ್ದ ಗಂಡ, ಅಲ್ಲಿ ನಿಂತು ಊರಿಗೆ ಫೋನು ಮಾಡುತ್ತಾನೆ: “ಯಾರಾದ್ರೂ ಓ ನೆಗೆಟಿವ್ ಇದ್ದೀರೇನ್ರೋ?” ಥಲಸ್ಸೇಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು, ಆ ಮಗು ರಾಷ್ಟ್ರೀಯ ಹಬ್ಬಗಳ ಪಟ್ಟಿ ನೋಡಿಕೊಂಡು ಕಾಯಲಾರದು.

ಇಲ್ಲಿ ವಾರದ ಸಭೆಯಂಥ ಸಾಧನ ಇನ್ನೊಂದಿಲ್ಲ. ಆರೋಗ್ಯವಂತ ಗಂಡಸು ಮೂರು ತಿಂಗಳಿಗೊಮ್ಮೆ, ಹೆಂಗಸು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಸದಸ್ಯರು, ಅವರ ಮನೆಯವರು, ಅಂಗಡಿಯ ಹುಡುಗರು, ಕಾಲೇಜಿನ ಮಕ್ಕಳು ಸೇರಿ ಇನ್ನೂರು ಹೆಸರು ಬರೆದುಕೊಂಡರೆ, ಒಬ್ಬೊಬ್ಬರು ವರ್ಷಕ್ಕೆ ಎರಡೇ ಸಲ ಕೊಟ್ಟರೂ ವಾರಕ್ಕೆ ಏಳೆಂಟು ಜನ ಆಗುತ್ತಾರೆ. ಪ್ರತಿ ವಾರ ಸಭೆಯಲ್ಲಿ ಆ ವಾರದ ಹೆಸರು ಓದಬೇಕು, ಒಂದು ಗಾಡಿ ಮಾಡಿ ಕಳಿಸಬೇಕು. ಶಾಮಿಯಾನ ಬೇಡ, ಬ್ಯಾನರ್ ಬೇಡ. ಹೀಗಿರುವುದರಿಂದಲೇ ಇದನ್ನು ಯಾರೂ ಮಾಡುವುದಿಲ್ಲವೇನೋ.

ಕಣ್ಣಿನ ಶಿಬಿರ ಈ ಕ್ಲಬ್ಬುಗಳ ಹೆಮ್ಮೆಯ ಕೆಲಸ, ಹೆಮ್ಮೆ ಪಡಲು ಕಾರಣವೂ ಇದೆ. 1925ರಲ್ಲಿ ಅಮೆರಿಕದ ಓಹಾಯೋದಲ್ಲಿ ನಡೆದ ಲಯನ್ಸ್ ಸಮ್ಮೇಳನಕ್ಕೆ ಬಂದ ಹೆಲೆನ್ ಕೆಲ್ಲರ್, ಕುರುಡರ ಪರವಾಗಿ ನಿಲ್ಲಿ ಎಂದು ಕೇಳಿಕೊಂಡರು. ಅಂದಿನಿಂದ ಕಣ್ಣು ಅವರ ಮುಖ್ಯ ಕೆಲಸಗಳಲ್ಲಿ ಒಂದಾಯಿತು. ಅಷ್ಟು ದೂರ ಹೋಗುವುದೂ ಬೇಡ, ಬೀಳಗಿಯ ಡಾ. ಎಂ.ಸಿ. ಮೋದಿ ನಮ್ಮವರೇ. ಊರೂರಿಗೆ ಹೋಗಿ, ಸಾಲಾಗಿ ಮಲಗಿಸಿದ ನೂರಾರು ಜನರ ಕಣ್ಣಿನ ಪೊರೆಯನ್ನು ಒಂದೇ ದಿನದಲ್ಲಿ ತೆಗೆದ ವೈದ್ಯರು. ಈಗ ಆ ಪದ್ಧತಿ ಇಲ್ಲ. ಊರಿನಲ್ಲಿ ತಪಾಸಣೆ, ಬಸ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಪ್ರಯಾಣ, ಶಸ್ತ್ರಚಿಕಿತ್ಸೆ, ಮಸೂರ ಹಾಕಿ ಮರಳಿ ಊರಿಗೆ. ಅದೇ ಸರಿ, ಸೋಂಕಿನ ಭಯ ಕಡಿಮೆ.

ಆದರೆ ಬಸ್ ಇಳಿದ ಮೇಲೆ? ತಿಂಗಳ ಮೇಲೆ ಕಣ್ಣಿಗೆ ಹನಿ ಹಾಕಬೇಕು, ದಿನಕ್ಕೆ ಇಷ್ಟು ಸಲ ಎಂದು ಶುರುವಾಗಿ ವಾರವಾರ ಕಡಿಮೆ ಮಾಡುತ್ತ ಬರಬೇಕು. ಮಗ-ಸೊಸೆ ಬೆಂಗಳೂರಿನಲ್ಲಿ, ಮನೆಯಲ್ಲಿ ಅಜ್ಜಿ ಒಬ್ಬಳೇ. ಹನಿಯ ಬಾಟಲಿ ಹಿಡಿದ ಅವಳ ಕೈ ನಡುಗುತ್ತದೆ; ಅರ್ಧ ಕೆನ್ನೆಗೆ, ಅರ್ಧ ಸೆರಗಿಗೆ. ತಿಂಗಳ ನಂತರದ ತಪಾಸಣೆಗೆ ಕರೆದುಕೊಂಡು ಹೋಗುವವರಿಲ್ಲ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಆಪರೇಷನ್ ಆಗಿ ಒಂದೆರಡು ವರ್ಷದಲ್ಲಿ ಕೆಲವರಿಗೆ ಮತ್ತೆ ಮಂಜಾಗುತ್ತದೆ. “ಮತ್ತೆ ಪೊರೆ ಬಂತು, ಫ್ರೀ ಆಪರೇಷನ್ ಅಂದ್ರೆ ಹಿಂಗೇ” ಎಂದು ಅವರು ಹಣೆಬರಹವನ್ನು ಬೈದುಕೊಂಡು ಮೂಲೆ ಸೇರುತ್ತಾರೆ. ಅದು ಪೊರೆಯಲ್ಲ, ಒಳಗಿಟ್ಟ ಮಸೂರದ ಹಿಂದಿನ ತೆಳು ಪದರ ಮಬ್ಬಾಗಿರುವುದು. ಯಾಗ್ ಲೇಸರಿನಲ್ಲಿ ಕೆಲವೇ ನಿಮಿಷದಲ್ಲಿ, ಕೊಯ್ಯದೆ ಹೊಲಿಯದೆ ಸರಿಮಾಡುತ್ತಾರೆ. ಎರಡು ವರ್ಷ ಹಿಂದಿನ ಶಿಬಿರದ ಹೆಸರುಪಟ್ಟಿ ಕ್ಲಬ್ಬಿನ ಬೀರುವಿನಲ್ಲಿದ್ದರೆ ಮನೆಮನೆಗೆ ಹೋಗಿ “ಅಜ್ಜಿ, ಈಗ ಹೆಂಗೆ ಕಾಣ್ತೈತೆ?” ಎಂದು ಕೇಳಬಹುದು. ಪಟ್ಟಿ ಎಲ್ಲಿದೆ? ಆಗಿನ ಕಾರ್ಯದರ್ಶಿಯ ಹಳೆ ಮೊಬೈಲಿನಲ್ಲಿ.

ಅವಧಿ ಒಂದೇ ವರ್ಷ, ಅಷ್ಟರಲ್ಲಿ ಎಷ್ಟು ಮಾಡಲಾದೀತು ಎಂದು ಗೆಳೆಯರು ಕೇಳುತ್ತಾರೆ. ಈ ಮಾತಿಗೆ ಉತ್ತರ ರೋಟರಿಯ ಮನೆಯಲ್ಲೇ ಇದೆ. ಪೋಲಿಯೊ ವಿರುದ್ಧದ ಪೋಲಿಯೊ ಪ್ಲಸ್ ಕಾರ್ಯಕ್ರಮವನ್ನು ಅವರು ಹಿಡಿದದ್ದು 1985ರಲ್ಲಿ. ನಮ್ಮಲ್ಲಿ ಪಲ್ಸ್ ಪೋಲಿಯೊ 1995ರಲ್ಲಿ ದೇಶದ ಉದ್ದಗಲಕ್ಕೂ ಬಂತು. ಭಾನುವಾರ ಬೆಳಗ್ಗೆ ಶಾಲೆಯ ಮುಂದೆ ಟೇಬಲ್ಲು, ಐಸ್ ಪೆಟ್ಟಿಗೆ, ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ. ಆಶಾ ಕಾರ್ಯಕರ್ತೆಯರ ಹುದ್ದೆ ಇನ್ನೂ ಹುಟ್ಟಿರದ ಆ ದಿನಗಳಲ್ಲಿ ಅಂಗನವಾಡಿಯವರ ಜೊತೆ ಜವಳಿ ಅಂಗಡಿಯವರು, ಬ್ಯಾಂಕಿನವರು ಕುಳಿತಿರುತ್ತಿದ್ದೆವು. ತಪ್ಪಿಸಿಕೊಂಡ ಮಕ್ಕಳನ್ನು ಹುಡುಕಿಕೊಂಡು ಮರುದಿನ ಮನೆಮನೆಗೆ ಹೋಗುತ್ತಿದ್ದೆವು. ಆ ಮರುದಿನ ಹೋಗುವುದೇ ಆ ಕಾರ್ಯಕ್ರಮದ ಜೀವ. ಭಾರತದ ಕೊನೆಯ ಪೋಲಿಯೊ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ 2011ರ ಜನವರಿ 13ರದು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದ ಇಡೀ ಆಗ್ನೇಯ ಏಷ್ಯಾ ಪ್ರದೇಶವನ್ನು ಪೋಲಿಯೊಮುಕ್ತ ಎಂದಿತು. 1985ರಿಂದ 2014ರ ನಡುವೆ ಪ್ರತಿ ಕ್ಲಬ್ಬಿನಲ್ಲೂ ಹತ್ತಿರ ಹತ್ತಿರ ಮೂವತ್ತು ಅಧ್ಯಕ್ಷರು ಬಂದು ಹೋದರು. ಹಿಂದಿನವರ ಕಾರ್ಯಕ್ರಮ ಎಂದು ಯಾರೂ ಕೈಬಿಡಲಿಲ್ಲ. ಪೋಲಿಯೊಗೆ ಸಾಧ್ಯವಾದದ್ದು ಬೇವಿನ ಸಸಿಗೆ ಏಕೆ ಸಾಧ್ಯವಿಲ್ಲ?

ಬ್ಯಾಡ್ಜು, ಪದಕ ಏನೂ ಇಲ್ಲದೆ ಒಂದೇ ಕೆಲಸಕ್ಕೆ ಜೋತುಬಿದ್ದವರೂ ನಮ್ಮಲ್ಲಿದ್ದಾರೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಕಾಗದದಲ್ಲಿ ಶಾಂತಿಸಾಗರ, ಚಿತ್ರದುರ್ಗದವರೆಗೂ ಕುಡಿಯುವ ನೀರು ಕೊಡುವ ಕೆರೆ. ಅದರ ಗಡಿ ಅಳೆಸಿ, ಒತ್ತುವರಿ ಬಿಡಿಸಿ, ಹೂಳು ತೆಗೆಸಿ ಎಂದು ಖಡ್ಗ ಸಂಘದ ಹುಡುಗರು ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದರು. ಜಗಳೂರಿನ 57 ಕೆರೆ ತುಂಬಿಸುವ ಯೋಜನೆಯ ಹಿಂದೆ ಸಿರಿಗೆರೆಯ ತರಳಬಾಳು ಶ್ರೀಗಳು ಬಿದ್ದದ್ದೂ ಹಾಗೆಯೇ. ಬೇಡಿಕೆ ಇಟ್ಟಂದಿನಿಂದ ಪೈಪಿನಲ್ಲಿ ತುಂಗಭದ್ರೆಯ ನೀರು ಬರುವವರೆಗೆ ಮುಖ್ಯಮಂತ್ರಿಗಳು ಬದಲಾದರು, ಬೆನ್ನು ಬಿದ್ದವರು ಬದಲಾಗಲಿಲ್ಲ. ಆ ನೀರಿನ ನೆವದಲ್ಲಿ ಜಗಳೂರಿನ ಕ್ಲಬ್ಬಿನವರಿಗೊಂದು ಕೆಲಸ ಸೂಚಿಸುತ್ತೇನೆ. ಬರದಲ್ಲಿ ಬೆಳೆದ ಆ ಕಡೆಯ ಬಹಳ ಮಕ್ಕಳಿಗೆ ಈಜು ಬಾರದು, ಕೆರೆಗಳಲ್ಲಿ ಈಗ ನೀರಿದೆ. ಹೊನ್ನಾಳಿಯ ಹೊಳೆ ದಂಡೆಯಲ್ಲಿ ಹುಟ್ಟಿ ಮೀನಿನಂತೆ ಈಜುವ ಹುಡುಗರಿದ್ದಾರೆ. ಬೇಸಿಗೆ ರಜೆಯಲ್ಲಿ ಇಬ್ಬರನ್ನು ಕರೆಸಿ ಕಲಿಸಿ.

ಹೊನ್ನಾಳಿಯದು ಬೇರೆ ತಾಪತ್ರಯ. ಅಲ್ಲಿ ಪದಗ್ರಹಣದ ತಿಂಗಳೇ ಪ್ರವಾಹದ ತಿಂಗಳು. ಗಾಜನೂರಿನ ತುಂಗಾ ಜಲಾಶಯ ಸಣ್ಣದು, ಬೇಗ ತುಂಬುತ್ತದೆ; ಅಲ್ಲಿ ಗೇಟು ಎತ್ತಿದರೆ ಇಲ್ಲಿ ಬಾಲರಾಜ್ ಘಾಟಿನ ಮನೆಗಳಿಗೆ ನೀರು. ಕಾಳಜಿ ಕೇಂದ್ರದಲ್ಲಿ ಕಂಬಳಿ, ಪಲಾವ್ ಹಂಚುವವರಿಗೆ ಕೊರತೆ ಇಲ್ಲ. ನೀರಿಳಿದ ಮೇಲೆ ಮನೆಯೊಳಗೆ ಕೂತ ಕೆಸರು ಬಾಚಲು, ನೆನೆದ ರೇಷನ್ ಕಾರ್ಡು, ಅಂಕಪಟ್ಟಿಗಳಿಗೆ ನಕಲು ಪ್ರತಿ ಕೊಡಿಸಲು ಯಾರೂ ಬರುವುದಿಲ್ಲ. ಕ್ಲಬ್ಬಿನಲ್ಲಿ ವಕೀಲರಿದ್ದಾರೆ, ಶಾಲೆಯವರಿದ್ದಾರೆ, ಜೆರಾಕ್ಸ್ ಅಂಗಡಿಯವರೂ ಇದ್ದಾರೆ. ಇದಕ್ಕಿಂತ ಒಳ್ಳೆಯ ತಂಡ ತಾಲ್ಲೂಕು ಆಡಳಿತದ ಹತ್ತಿರವೂ ಇಲ್ಲ.

ನ್ಯಾಮತಿ 2018ರವರೆಗೂ ಹೊನ್ನಾಳಿಯ ಭಾಗವಾಗಿತ್ತು.    ಈಗ ನ್ಯಾಮತಿ ತಾಲ್ಲೂಕಿಗೆ ಸೇರಿದ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಊರು. ಫೆಬ್ರುವರಿಯ ಜಯಂತಿಗೆ ಹೊರರಾಜ್ಯಗಳಿಂದಲೂ ಬಂಜಾರರು ಬರುತ್ತಾರೆ. ಸುತ್ತ ತಾಂಡಾಗಳು. ಸುಗ್ಗಿ ಮುಗಿಯುತ್ತಲೇ ಕಬ್ಬು ಕಡಿಯಲು, ಕಾಫಿ ಸೀಮೆಗೆ ಗುಳೆ ಹೋಗುವ ಮನೆಗಳು ಅಲ್ಲಿವೆ. ಮಕ್ಕಳಿಗೆ ನಾವು ಬ್ಯಾಗು, ನೋಟ್‌ಬುಕ್ಕು ಹಂಚುವುದು ಜೂನ್-ಜುಲೈನಲ್ಲಿ. ಮಗು ಶಾಲೆ ಬಿಡುವುದು ದೀಪಾವಳಿ ಆದ ಮೇಲೆ, ಅಪ್ಪ-ಅಮ್ಮನ ಜೊತೆ ಲಾರಿ ಹತ್ತಿದಾಗ. ಬ್ಯಾಗು ಮನೆಯ ಗೂಟಕ್ಕೆ ನೇತುಬೀಳುತ್ತದೆ. ಆ ಮಗುವನ್ನು ಉಳಿಸಿಕೊಳ್ಳಲು ನವೆಂಬರಿನಲ್ಲಿ ಹಾಸ್ಟೆಲ್ ಸೀಟೋ, ಅಜ್ಜಿಯ ಮನೆಗೆ ತಿಂಗಳ ರೇಷನ್ನೋ ಬೇಕು. ನವೆಂಬರಿನಲ್ಲಿ ನಮ್ಮ ಕಾರ್ಯಕ್ರಮ ಪಟ್ಟಿಯಲ್ಲಿರುವುದು ರಾಜ್ಯೋತ್ಸವ, ಸಾಧಕರಿಗೆ ಸನ್ಮಾನ.

ಹಾಗಾದರೆ ಪಾಠ ಎಲ್ಲಿ ಕಲಿಯುವುದು? ನಮ್ಮ ತಾಲ್ಲೂಕುಗಳಲ್ಲಿ ವಾರದ ಸಭೆಯನ್ನು ನಿಜವಾಗಿ ನಡೆಸುತ್ತಿರುವವರು ಕೋಟು ಹಾಕಿದ ನಾವಲ್ಲ. ಸ್ವಸಹಾಯ ಸಂಘಗಳ ಹೆಂಗಸರು. ಈ ಸಂಘಗಳ ಪದ್ಧತಿ ಬೆಳೆದದ್ದೇ ಕರ್ನಾಟಕದಲ್ಲಿ, 1980ರ ದಶಕದಲ್ಲಿ ಮೈರಾಡ ಸಂಸ್ಥೆಯ ಕೆಲಸದಿಂದ. 1992ರಲ್ಲಿ ನಬಾರ್ಡ್ ಅವನ್ನು ಬ್ಯಾಂಕಿಗೆ ಜೋಡಿಸಿತು. 2000-01ರಲ್ಲಿ ಸ್ತ್ರೀಶಕ್ತಿ ಬಂತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳು ಬಂದವು. ಸಾಲ ಕೊಡುವ ಮುಂಚೆ ನಾವು ಅವರ ನಡಾವಳಿ ಪುಸ್ತಕ ತರಿಸಿ ನೋಡುತ್ತಿದ್ದೆವು. ಯಾವ ದಿನ ಸಭೆ, ಎಷ್ಟು ಜನ ಬಂದರು, ಬಾರದವರು ಏಕೆ ಬರಲಿಲ್ಲ, ಯಾರ ಕಂತು ನಿಂತಿದೆ, ಅವರ ಮನೆಗೆ ಯಾರು ಹೋಗಿ ಕೇಳಿದರು, ಏನು ಹೇಳಿದರು. ಹತ್ತು ರೂಪಾಯಿ ಉಳಿತಾಯದ ಸಂಘ, ಆದರೆ ಹಿಂದಿನ ವಾರದ ಬಾಕಿ ಓದದೆ ಮುಂದಿನ ಮಾತಿಗೆ ಹೋಗುತ್ತಿರಲಿಲ್ಲ. ಹೆಬ್ಬೆಟ್ಟಿನವರೇ ಹೆಚ್ಚಿದ್ದ ಸಂಘದಲ್ಲೂ ಎಂಟನೇ ಕ್ಲಾಸು ಓದಿದ ಒಬ್ಬ ಹೆಣ್ಣುಮಗಳು ಚಿತ್ತಿಲ್ಲದೆ ಬರೆದಿಡುತ್ತಿದ್ದಳು. ಅದೇ ಕಾಲದಲ್ಲಿ ನಾನು ಖಜಾಂಚಿಗಳ ಪುಸ್ತಕಗಳನ್ನೂ ನೋಡಿದ್ದೇನೆ. ಹೋಲಿಕೆ ಮಾಡಲು ಹೋಗುವುದಿಲ್ಲ.

ಅಂದ ಹಾಗೆ, ರೋಟರಿ ಹೆಂಗಸರಿಗೆ ಬಾಗಿಲು ತೆರೆದದ್ದು 1989ರಲ್ಲೇ. ನಮ್ಮ ಸಣ್ಣ ಊರುಗಳ ಸಭೆಗಳಲ್ಲಿ ಈಗಲೂ ಅವರಲ್ಲಿ ಹೆಚ್ಚಿನವರು ‘ಆನ್’ ಎಂಬ ಹೆಸರಿನಲ್ಲಿ, ಗಂಡನ ಪಕ್ಕದಲ್ಲಿ, ಪ್ರಾರ್ಥನೆ ಹಾಡಲು ಮತ್ತು ಪದಗ್ರಹಣದಲ್ಲಿ ಆರತಿ ತಟ್ಟೆ ಹಿಡಿಯಲು ಬರುತ್ತಾರೆ. ಲೆಕ್ಕ ಬರೆಯಲು ಬಲ್ಲವರನ್ನು ಆರತಿ ತಟ್ಟೆಗೆ ನಿಲ್ಲಿಸಿ, ಬರೆಯಲು ಬೇಸರಪಡುವವರನ್ನು ಕಾರ್ಯದರ್ಶಿ ಮಾಡಿದರೆ ಪಟ್ಟಿ ಹಳೆ ಮೊಬೈಲಿನಲ್ಲೇ ಉಳಿಯುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ವಾರದ ಸಭೆಯ ಕಾರ್ಯಸೂಚಿಯಲ್ಲಿ ಗಂಟೆ, ಪ್ರಾರ್ಥನೆ ಆದ ತಕ್ಷಣ ಇಪ್ಪತ್ತು ನಿಮಿಷ ‘ಹಳೆ ಕೆಲಸ’ ಎಂದು ಇಡಿ. ಹಿಂದಿನ ಮೂರು ವರ್ಷಗಳಲ್ಲಿ ನೆಟ್ಟದ್ದು, ಕಟ್ಟಿಸಿದ್ದು, ಕೊಟ್ಟದ್ದು ಒಂದೊಂದನ್ನೂ ವಾರಕ್ಕೊಂದರಂತೆ ಓದಿ, ಈ ವಾರ ಯಾರು ಹೋಗಿ ನೋಡಿ ಬಂದರು ಎಂದು ಕೇಳಿ. ಶುದ್ಧ ನೀರಿನ ಘಟಕಕ್ಕೆ ಕಲ್ಲು ಹಾಕಿಸಿದ್ದೀರಿ, ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಬರುತ್ತಿತ್ತು. ಈಗ ಬರುತ್ತಿದೆಯೇ, ಫಿಲ್ಟರ್ ಬದಲಾಯಿಸಿ ಎಷ್ಟು ದಿನವಾಯಿತು? ಲಯನ್ಸ್ ಸಭೆಗಳಲ್ಲಿ ಟೇಲ್ ಟ್ವಿಸ್ಟರ್ ಎಂಬ ಪದಾಧಿಕಾರಿ ಇದ್ದಾರೆ. ಬ್ಯಾಡ್ಜು ಮರೆತವರಿಗೆ, ತಡವಾಗಿ ಬಂದವರಿಗೆ ತಮಾಷೆಗೆ ದಂಡ ಹಾಕುವುದು ಅವರ ಕೆಲಸ. ಅವರಿಗೆ ಇನ್ನೊಂದು ಅಧಿಕಾರ ಕೊಡಿ: ಸತ್ತ ಸಸಿಗೊಂದು ದಂಡ, ನೆಟ್ಟವರಿಗೂ ಅವರ ನಂತರ ಬಂದವರಿಗೂ ಅರ್ಧರ್ಧ. ಹೊಸ ಅಧ್ಯಕ್ಷರಿಗೆ ಅಧಿಕಾರ ಹಸ್ತಾಂತರಿಸುವಾಗ ಪದಕದ ಜೊತೆ ಈ ಹಳೆ ಕೆಲಸಗಳನ್ನು ಬರೆದಿಟ್ಟ ಪುಸ್ತಕವನ್ನೂ ಕೈಗೆ ಕೊಟ್ಟು ಸಹಿ ತೆಗೆದುಕೊಳ್ಳಿ. ಬ್ಯಾಂಕಿನಲ್ಲಿ ಬೀಗದ ಕೈ ಕೊಡುವಾಗ ನಾವು ಇದನ್ನೇ ಮಾಡುತ್ತಿದ್ದೆವು.

“ಇದರಲ್ಲಿ ಪೇಪರಿಗೆ ಹಾಕೋಕೆ ಏನಿರ್ತದೆ ಸಾರ್?” ಎಂದು ಒಬ್ಬ ಅಧ್ಯಕ್ಷರು ನನ್ನನ್ನು ಕೇಳಿದ್ದರು. ಪ್ರಾಮಾಣಿಕ ಪ್ರಶ್ನೆ. ಪ್ರಚಾರ ಇಲ್ಲದಿದ್ದರೆ ಹೊಸ ಸದಸ್ಯರು ಬರುವುದಿಲ್ಲ, ಚಂದಾ ಬರುವುದಿಲ್ಲ ಎಂಬುದು ಸುಳ್ಳಲ್ಲ. ಇದಕ್ಕೆ ಪತ್ರಿಕೆಯವರೂ ಸ್ವಲ್ಪ ಹೊಣೆ ಹೊರಬೇಕು. ಸಸಿ ನೆಡುವ ಫೋಟೋ ಕಳಿಸಿದವರಿಗೆ, ಕಳೆದ ವರ್ಷದ ಸಸಿಯ ಪಕ್ಕ ನಿಂತ ಫೋಟೋ ಕಳಿಸಿದರೆ ಮಾತ್ರ ಇದನ್ನು ಹಾಕುತ್ತೇವೆ ಎಂದು ಒಂದು ವರ್ಷ ಹೇಳಿ ನೋಡಲಿ.

ಮುಂದಿನ ಜುಲೈನ ಪದಗ್ರಹಣಕ್ಕೆ ಮುಖ್ಯ ಅತಿಥಿ ಯಾರು ಎಂದು ಈಗಲೇ ಚರ್ಚೆ ನಡೆಯುತ್ತಿರುತ್ತದೆ. ಜಿಲ್ಲಾಧಿಕಾರಿ ಬರುತ್ತಾರೋ, ಶಾಸಕರೋ, ಮಠದವರೋ. ಈ ಒಂದು ಸಲ ಅವರನ್ನೆಲ್ಲ ಬಿಟ್ಟು, ಹಳ್ಳಿಯ ಸ್ವಸಹಾಯ ಸಂಘವೊಂದರಲ್ಲಿ ಪುಸ್ತಕ ಬರೆಯುವ ಹೆಣ್ಣುಮಗಳನ್ನು ಕರೆಯಿರಿ. ಅವರ ಸಂಘದ ನಡಾವಳಿ ಪುಸ್ತಕ ತರಲು ಹೇಳಿ, ಎರಡು ಪುಟ ಓದಿಸಿ, ಆಮೇಲೆ ನಿಮ್ಮ ಪುಸ್ತಕ ಅವರ ಕೈಗೆ ಕೊಡಿ. ಶಾಲು, ಫಲತಾಂಬೂಲ, ನೆನಪಿನ ಕಾಣಿಕೆ ಬೇಡ. ಬಸ್ ಚಾರ್ಜು, ಒಂದು ದಿನದ ಕೂಲಿ ಕವರಿನಲ್ಲಿಟ್ಟು ಕೊಡಿ. ಕಾರ್ಡಿನಲ್ಲಿ ಬೆಳಗ್ಗೆ ಹನ್ನೊಂದು ಎಂದು ಹಾಕಿ ಒಂದೂವರೆಗೆ ಗಂಟೆ ಬಾರಿಸಬೇಡಿ, ಹಳ್ಳಿಗಳಿಗೆ ಸಂಜೆ ಬಸ್ ಕಡಿಮೆ.